ಅಳಿಸತಕ್ಕದ್ದು

ಚಿತ್ರಕಲೆಯನ್ನು ಇನ್ನು ಮುಂದೆ ಸ್ಮಾರ್ಟ್ ಬೋರ್ಡಿನ ಮೇಲೆ ಬೆರಳಿನಿಂದ ಕಲಿಸತಕ್ಕದ್ದು. ಪಾಠದ ಕೊನೆಯಲ್ಲಿ ಬೋರ್ಡಿನ ಮೇಲಿರುವುದೆಲ್ಲವನ್ನೂ ತಪ್ಪದೆ ಅಳಿಸತಕ್ಕದ್ದು. ಹಾಗೆ ಅಳಿಸಿದ ಚಿತ್ರಗಳನ್ನು ಮೌಲ್ಯಮಾಪಕರು ಬಂದಾಗ ಒಂದೊಂದಾಗಿ ತೋರಿಸತಕ್ಕದ್ದು. ಈ ಸುತ್ತೋಲೆ ಶಾಲೆಗೆ ತಲುಪಿದ ದಿನ ಹೆಡ್‌ಮಾಸ್ಟರ್ ಅದನ್ನು ಎರಡು ಸಲ ಓದಿ, ಸಹಿ ಹಾಕಿ, ಶಿಕ್ಷಕರ ಕೊಠಡಿಯ ಗೋಡೆಗೆ ಅಂಟಿಸಿದರು. ಯಾರಿಗೂ ಆಶ್ಚರ್ಯವಾಗಲಿಲ್ಲ. ಶಾಲೆಗೆ ಭೇಟಿ ನೀಡುವ ಅಧಿಕಾರಿಗಳಿಗೆ ಯಾವುದೇ ಕೊರತೆಯಾಗದಂತೆ ಅಪಚಾರ ಮಾಡತಕ್ಕದ್ದು ಎಂಬ ಸುತ್ತೋಲೆ ಅದೇ ಇಲಾಖೆಯಿಂದ ಹಿಂದಿನ ತಿಂಗಳು ಬಂದಿತ್ತು. ಅದನ್ನೂ ಎಲ್ಲರೂ ಸಹಿ ಹಾಕಿ ಒಪ್ಪಿಕೊಂಡಿದ್ದರು.

ಆಶ್ಚರ್ಯವಾದದ್ದು ತರಬೇತಿ ಟೀಚರಿಗೆ ಮಾತ್ರ. ಅವಳು ಕೆಲಸಕ್ಕೆ ಸೇರಿ ಒಂದು ವಾರವಾಗಿತ್ತಷ್ಟೆ, ಆಶ್ಚರ್ಯಪಡುವ ಚಟ ಇನ್ನೂ ಬಿಟ್ಟಿರಲಿಲ್ಲ. ಅವಳದು ಆರು ತಿಂಗಳ ತರಬೇತಿ. ಅಷ್ಟರಲ್ಲಿ ಸ್ಮಾರ್ಟ್ ಬೋರ್ಡಿನ ಮೇಲೆ ಹನ್ನೆರಡು ಪಾಠ ಮಾಡಬೇಕು, ಮೌಲ್ಯಮಾಪಕರು ಬಂದು ನೋಡಬೇಕು, ‘ಉತ್ತೀರ್ಣ’ ಎಂದು ಪ್ರಮಾಣಪತ್ರ ಕೊಡಬೇಕು. ಕೊಟ್ಟರೆ ಚಿತ್ರಕಲಾ ಶಿಕ್ಷಕಿಯ ಕೆಲಸ ಖಾಯಂ. ಕೊಡದಿದ್ದರೆ ಅಪ್ಪನ ಅಂಗಡಿಯಲ್ಲಿ ಬಣ್ಣದ ಡಬ್ಬಿ ಕಲಕುತ್ತ ಕೂರುವ ಹಳೆಯ ಕೆಲಸ ಹೇಗೂ ಖಾಯಮಾಗಿಯೇ ಇತ್ತು.

ಅಪ್ಪ ಬೋರ್ಡ್ ಬರೆಯುವವರು. ಪೇಟೆಯ ಅರ್ಧ ಅಂಗಡಿಗಳ ನೆತ್ತಿಯ ಮೇಲೆ ಇರುವುದು ಅವರದೇ ಅಕ್ಷರ. ಗಿರಾಕಿ ಕೊಟ್ಟ ಚೀಟಿಯಲ್ಲಿ ಏನಿದೆಯೋ ಅದನ್ನೇ ಬರೆಯುವುದು, ಒಂದು ಚುಕ್ಕೆ ಹೆಚ್ಚಿಲ್ಲ, ಒಂದು ಚುಕ್ಕೆ ಕಡಿಮೆಯಿಲ್ಲ, ಇದು ಅವರು ಜೀವಮಾನದಲ್ಲಿ ಬಿಡದೆ ಪಾಲಿಸಿದ ಏಕೈಕ ನಿಯಮ. ಹಲ್ಲಿನ ಡಾಕ್ಟರೊಬ್ಬರು ಅವಸರದಲ್ಲಿ ‘ಹಲ್ಲಿ ಆಸ್ಪತ್ರೆ’ ಎಂದು ಗೀಚಿಕೊಟ್ಟಿದ್ದರಿಂದ ಪೇಟೆಯಲ್ಲಿ ಒಂದು ಹಲ್ಲಿ ಆಸ್ಪತ್ರೆ ಹನ್ನೆರಡು ವರ್ಷದಿಂದ ಚೆನ್ನಾಗಿಯೇ ನಡೆಯುತ್ತಿತ್ತು. ಮಗಳು ತರಬೇತಿಗೆ ಸೇರಿದ ದಿನವೇ ಅಪ್ಪ ಒಂದು ಒಳ್ಳೆಯ ಹಲಗೆ ತಂದು, ಮರಳು ಕಾಗದದಲ್ಲಿ ಉಜ್ಜಿ, ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಅದು ಮನೆಯ ಬಾಗಿಲಿಗೆ ಹಾಕುವ ಬೋರ್ಡು. ಈಗಲೇ ಬರೆದುಬಿಡಿ ಅಪ್ಪ ಎಂದು ಅವಳು ಎಷ್ಟು ಗೋಗರೆದರೂ ಅವರು ಕುಂಚ ಮುಟ್ಟಲಿಲ್ಲ.

"ಪ್ರಮಾಣಪತ್ರ ಬರ್ಲಿ ಪುಟ್ಟಿ. ಅದರಲ್ಲಿ ಏನಿರುತ್ತೋ ನೋಡ್ಕೊಂಡು ಬರೀತೀನಿ," ಎಂದರು. "ಚೀಟಿ ಇಲ್ದೆ ಬರೆದವನಲ್ಲ ನಾನು."

ಹಾಗಾಗಿ ಅವಳು ದಿನಾ ಬೆಳಿಗ್ಗೆ ಚಪ್ಪಲಿ ಹಾಕಿಕೊಳ್ಳುವಾಗ ಶಿಕ್ಷೆಗೊಳಗಾದ ಮಗುವಿನಂತೆ ಗೋಡೆ ನೋಡುತ್ತ ನಿಂತ ಆ ಹಲಗೆಯನ್ನು ಕಂಡು, ಇವತ್ತು ಚೆನ್ನಾಗಿ ಕಲಿಸಬೇಕು ಎಂದುಕೊಂಡು ಹೊರಡುತ್ತಿದ್ದಳು.

ಬೋರ್ಡ್ ಬಳಸುವುದನ್ನು ಹೇಳಿಕೊಡಲು ಇಲಾಖೆ ಒಬ್ಬ ತಂತ್ರಜ್ಞಾನ ಸಂಯೋಜಕರನ್ನು ಕಳಿಸಿತ್ತು. ಮಕ್ಕಳು ಅವರಿಗೆ ರೀಸ್ಟಾರ್ಟ್ ಸರ್ ಎಂದು ಹೆಸರಿಟ್ಟಿದ್ದರು. ಬೋರ್ಡ್ ಕೆಟ್ಟರೂ, ಫ್ಯಾನ್ ನಿಂತರೂ ಅವರು ಹೇಳುತ್ತಿದ್ದ ಮದ್ದು ಅದೊಂದೇ. ಒಮ್ಮೆ ಒಬ್ಬ ಹುಡುಗಿಗೆ ಬಿಕ್ಕಳಿಕೆ ಬಂದಾಗ ಅವಳನ್ನು ಹೊರಗೆ ಕಳಿಸಿ, ಹತ್ತು ಎಣಿಸಿ, ಮತ್ತೆ ಒಳಗೆ ಕರೆದರು. ಬಿಕ್ಕಳಿಕೆ ನಿಂತಿತ್ತು. ಅಂದಿನಿಂದ ಅವರ ವಿಧಾನದ ಬಗ್ಗೆ ಯಾರೂ ತಕರಾರು ತೆಗೆಯಲಿಲ್ಲ.

ತರಬೇತಿ ಟೀಚರಿಗೆ ಮೊದಮೊದಲು ಬಹಳ ಕಷ್ಟವಾಯಿತು. ಸೀಮೆಸುಣ್ಣ ಹಿಡಿದು ರೂಢಿಯಾದ ಕೈ. ಒಂದು ಗೆರೆ ಎಳೆದಾಕ್ಷಣ ಬೆರಳನ್ನು ಉಫ್ ಎಂದು ಊದುತ್ತಿದ್ದಳು. ರೀಸ್ಟಾರ್ಟ್ ಸರ್ ತಮ್ಮ ವಾರದ ವರದಿಯಲ್ಲಿ, ಸದರಿ ಶಿಕ್ಷಕಿಯು ಇಲ್ಲದ ಧೂಳನ್ನು ಊದುತ್ತಾರೆ, ಆದರೆ ಊದುವಿಕೆ ತೃಪ್ತಿಕರವಾಗಿದೆ ಎಂದು ದಾಖಲಿಸಿದರು. ಇನ್ನೊಂದು ತೊಡಕೆಂದರೆ, ಬೋರ್ಡನ್ನು ಮುಟ್ಟಿದ ಜಾಗದಲ್ಲಿ ಗೆರೆ ಮೂಡುತ್ತಿರಲಿಲ್ಲ. ಸರಿಯಾಗಿ ಒಂದು ಗೇಣು ಎಡಕ್ಕೆ ಮೂಡುತ್ತಿತ್ತು. ಮುಖಕ್ಕೆ ಕಣ್ಣಿಟ್ಟರೆ ಅದು ಕಿವಿಯ ಆಚೆ ಗಾಳಿಯಲ್ಲಿ ನಿಂತು ಮಿಟುಕುತ್ತಿತ್ತು. ಇದನ್ನು ಸರಿಮಾಡಲು ಬರುವುದಿಲ್ಲವೇ ಎಂದು ಅವಳು ಕೇಳಿದಳು. ಬರುತ್ತದೆ, ಆದರೆ ಅದು ಆರನೇ ತಿಂಗಳ ಪಠ್ಯದಲ್ಲಿದೆ ಎಂದು ರೀಸ್ಟಾರ್ಟ್ ಸರ್ ಹೇಳಿದರು. ಹಟಮಾರಿ ಹೆಣ್ಣು ಅವಳು, ಎರಡೇ ವಾರದಲ್ಲಿ ಎಲ್ಲವನ್ನೂ ಒಂದು ಗೇಣು ಬಲಕ್ಕೆ ಮುಟ್ಟುವುದನ್ನು ಕಲಿತುಬಿಟ್ಟಳು. ಎಷ್ಟರ ಮಟ್ಟಿಗೆ ಎಂದರೆ ಮನೆಯಲ್ಲಿ ದೀಪದ ಸ್ವಿಚ್ಚು ಒತ್ತಲು ಹೋಗಿ ಗೋಡೆ ಒತ್ತುತ್ತಿದ್ದಳು.

ಮೂರನೇ ಪಾಠದಲ್ಲಿ ಅವಳು ಒಂದು ಮರದ ಕಾಂಡ ಮತ್ತು ಕೊಂಬೆಗಳನ್ನು ಬರೆದು, ತರಗತಿಯ ಮೂವತ್ತೆಂಟು ಮಕ್ಕಳನ್ನೂ ಒಬ್ಬೊಬ್ಬರಾಗಿ ಕರೆದು ಒಂದೊಂದು ಎಲೆ ಬರೆಸಿದಳು. ಗೇಣಿನ ಲೆಕ್ಕ ಮಕ್ಕಳಿಗೆ ಅವಳಿಗಿಂತ ಬೇಗ ಹಿಡಿದಿತ್ತು. ಬಿಕ್ಕಳಿಕೆಯ ಹುಡುಗಿ ತನ್ನ ಎಲೆಯ ನಡುವೆ ಒಂದು ತೂತು ಬಿಟ್ಟು, ಹುಳ ತಿಂದಿದೆ ಮಿಸ್ ಎಂದಳು. ಇನ್ನೊಬ್ಬ ಎಲೆ ಬರೆಯಲು ಬಾರದೆ ಬಲಗಡೆಯ ಕೊಂಬೆಯ ಮೇಲೆ ಒಂದು ಗೂಡು ಬರೆದ. ಎಲ್ಲ ಮುಗಿದಾಗ ಮರ ಎಷ್ಟು ಚೆನ್ನಾಗಿತ್ತೆಂದರೆ ತರಬೇತಿ ಟೀಚರಿಗೆ ಕಣ್ಣು ತುಂಬಿ ಬಂತು. ಬೋರ್ಡಿನ ಕೆಳಗೆ, ಒಂದು ಗೇಣಿನ ಅಂತರದಲ್ಲಿ, ಎರಡು ಗುಂಡಿಗಳಿದ್ದವು. ಎಡಗಡೆ ‘ಉಳಿಸು’, ಬಲಗಡೆ ‘ಅಳಿಸು’. ಅವಳು ಉಳಿಸಲು ಕೈ ಎತ್ತುವ ಹೊತ್ತಿಗೆ ಬಾಗಿಲಲ್ಲಿ ಹೆಡ್‌ಮಾಸ್ಟರ್ ಕೆಮ್ಮಿದರು.

"ಸರ್, ಅದು ಉಳಿಸತಕ್ಕದ್ದು ಅಂತ ಇರಬೇಕು," ಎಂದಳು ಅವಳು. "ಒಂದಕ್ಷರ ತಪ್ಪಾಗಿದೆ ಅಷ್ಟೆ."

"ತಪ್ಪಾಗಿದೆ ಅಂತ ಯಾವ ಸುತ್ತೋಲೇಲಿ ಬಂದಿದೆ?" ಎಂದು ಹೆಡ್‌ಮಾಸ್ಟರ್ ಬಹಳ ಶಾಂತವಾಗಿ ಕೇಳಿದರು.

ಅವಳು ಅಳಿಸಿದಳು. ಮೂವತ್ತೇಳು ಎಲೆಗಳೂ ಒಂದು ಗೂಡೂ ಒಟ್ಟಿಗೆ ಹೋದವು. ಬಿಕ್ಕಳಿಕೆಯ ಹುಡುಗಿ ಎದ್ದು ನಿಂತು, "ಮಿಸ್, ನಾವು ಬರೆದಿದ್ದು ತಪ್ಪಾಗಿತ್ತಾ?" ಎಂದಳು. ಇಲ್ಲಮ್ಮ, ಸರಿಯಾಗಿತ್ತು ಎಂದಳು ಟೀಚರ್. ಹಾಗಾದರೆ ಯಾಕೆ ಎಂದು ಮಗು ಕೇಳಲಿಲ್ಲ. ಕೇಳದಿದ್ದದ್ದಕ್ಕೇ ಅವಳಿಗೆ ಹೆಚ್ಚು ಸಂಕಟವಾಯಿತು.

ನಾಲ್ಕನೇ ಪಾಠದಲ್ಲಿ ಮಕ್ಕಳು ಅದೇ ಮರವನ್ನು ಮತ್ತೆ ಬರೆದರು. ಅಳಿಸುವ ಮುಂಚೆ ಎಲ್ಲಿಂದಲೋ ಒಂದು ನೊಣ ಬಂದು ಬೋರ್ಡಿನ ಮೇಲೆ, ಯಾವ ತರಬೇತಿಯೂ ಇಲ್ಲದೆ, ‘ಉಳಿಸು’ ಗುಂಡಿಯಿಂದ ಸರಿಯಾಗಿ ಒಂದು ಗೇಣು ಬಲಕ್ಕೆ ಕೂತಿತು. ಮರ ಉಳಿದುಬಿಟ್ಟಿತು. ಹೆಡ್‌ಮಾಸ್ಟರ್ ನೊಣದಿಂದ ಮೂರು ದಿನಗಳೊಳಗೆ ಲಿಖಿತ ವಿವರಣೆ ಕೇಳಿದರು. ವಿವರಣೆ ಬರಲಿಲ್ಲವಾದ್ದರಿಂದ, ಸ್ಮಾರ್ಟ್ ಬೋರ್ಡಿನ ಮುಂದೆ ನೊಣಗಳು ಅನುಮತಿಯಿಲ್ಲದೆ ಹಾರಾಡಕೂಡದು ಎಂಬ ಸೂಚನೆಯನ್ನು ಬರೆಸಿ, ನೊಣಗಳಿಗೆ ಕಾಣುವ ಎತ್ತರದಲ್ಲಿ ತೂಗುಹಾಕಿಸಿದರು. ಉಳಿದಿದ್ದ ಮರದ ವಿಷಯವನ್ನು ರೀಸ್ಟಾರ್ಟ್ ಸರ್ ವಹಿಸಿಕೊಂಡರು. ರೀಸ್ಟಾರ್ಟ್ ಮಾಡಿದರು, ಮರ ಹೋಯಿತು.

ಅಂದು ತರಬೇತಿ ಟೀಚರ್ ರಜೆ ಬರೆದುಕೊಟ್ಟು ನೇರವಾಗಿ ಇಲಾಖೆಯ ಕಚೇರಿಗೆ ಹೋದಳು.

ಕಚೇರಿ ಮೂರನೇ ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ನಿಂತವಳಿಗೆ ಮೊದಲು ಕಂಡದ್ದು ‘ಅಪ ನಿರ್ದೇಶಕರು’ ಎಂಬ ಬೋರ್ಡು. ಆ ದುಂಡನೆಯ, ಬೆನ್ನು ನೆಟ್ಟಗಿದ್ದ ‘ಅ’ ತನ್ನ ಅಪ್ಪನದು ಎಂದು ಅವಳಿಗೆ ಒಂದೇ ನೋಟಕ್ಕೆ ಗೊತ್ತಾಯಿತು. ಚೀಟಿಯಲ್ಲಿ ಹಾಗೇ ಇದ್ದಿರಬೇಕು. ಅದರ ಪಕ್ಕದ ಕೋಣೆಯಲ್ಲಿ, ಫೈಲುಗಳ ನಡುವೆ, ಸುತ್ತೋಲೆಗಳನ್ನು ಹೊಡೆಯುವ ಟೈಪಿಸ್ಟ್ ಮೇಡಂ ಕೂತಿದ್ದರು. ತರಬೇತಿ ಟೀಚರ್ ಸುತ್ತೋಲೆ ಮುಂದಿಟ್ಟು ವಿಷಯ ಹೇಳಿದ ಕೂಡಲೇ ಆಕೆ ತಮ್ಮ ಕೀಬೋರ್ಡನ್ನು ಮಗುವಿನ ಬಾಯಿ ತೆರೆದು ತೋರಿಸುವಂತೆ ಎತ್ತಿ ತೋರಿಸಿದರು. ಅದರಲ್ಲಿ ಒಂದು ಹಲ್ಲು ಇರಲಿಲ್ಲ.

‘ಉ’ ಹೋಗಿ ಹನ್ನೊಂದು ತಿಂಗಳಾಗಿತ್ತು. ಯಾರೋ ಅದರ ಮೇಲೆ ಚಹಾ ಚೆಲ್ಲಿದ್ದರು. ಸುತ್ತೋಲೆ ನಿಲ್ಲಿಸುವಂತಿಲ್ಲ, ಖಾಲಿ ಜಾಗ ಬಿಡುವಂತಿಲ್ಲ, ಆದ್ದರಿಂದ ‘ಉ’ ಬರಬೇಕಾದಲ್ಲೆಲ್ಲ ಹತ್ತಿರದ ಸಂಬಂಧಿ ಎಂದು ‘ಅ’ ಹೊಡೆಯುತ್ತಿದ್ದರು. ಹಾಗೆ ಉಪ ನಿರ್ದೇಶಕರು ಅಪ ನಿರ್ದೇಶಕರಾದರು, ಉಪಚಾರ ಅಪಚಾರವಾಯಿತು, ಉಳಿಸತಕ್ಕದ್ದು ಅಳಿಸತಕ್ಕದ್ದಾಯಿತು. ಹೊಸ ಕೀಬೋರ್ಡ್ ಕೇಳಬಹುದಿತ್ತಲ್ಲ ಎಂದಳು ಇವಳು. ಕೇಳಿದ್ದರು. ‘ಉಪಕರಣ ಬೇಡಿಕೆ ಅರ್ಜಿ’ಯನ್ನು ಇದೇ ಕೀಬೋರ್ಡಿನಲ್ಲಿ ಹೊಡೆದದ್ದರಿಂದ ಅದು ‘ಅಪಕರಣ ಬೇಡಿಕೆ ಅರ್ಜಿ’ ಎಂದಾಗಿ, ಅಂಥ ವಸ್ತು ಪಟ್ಟಿಯಲ್ಲಿಲ್ಲ ಎಂದು ಉಗ್ರಾಣದಿಂದ ವಾಪಸು ಬಂದಿತ್ತು. ಮೌಸಿನಿಂದಾದರೂ ಹೊಡೆಯಬಹುದಿತ್ತೇನೋ, ಆದರೆ ಮೌಸು ಎರಡು ವರ್ಷದ ಹಿಂದೆ ತಪಾಸಣೆಗೆಂದು ಹೋದದ್ದು ಇನ್ನೂ ಬಂದಿರಲಿಲ್ಲ. ಕೈಯಲ್ಲಿ ತಿದ್ದಿದ ಕಾಗದ ಅಸಿಂಧು.

ಆಗ ತರಬೇತಿ ಟೀಚರಿಗೆ ಇನ್ನೊಂದು ವಿಷಯ ಹೊಳೆಯಿತು.

"ಮೇಡಂ, ಹಾಗಾದ್ರೆ ಉತ್ತೀರ್ಣ ಅಂತ ಹೇಗೆ ಹೊಡೀತೀರಿ?"

"ಹೊಡೆಯಲ್ಲಮ್ಮ," ಎಂದರು ಟೈಪಿಸ್ಟ್ ಮೇಡಂ. "ಅತ್ತೀರ್ಣ ಅಂತ ಹೊಡೆದು ಕೊಟ್ರೆ ಯಾರು ಅತ್ತಿದ್ದು ಅಂತ ಕೇಳ್ತಾರೆ. ಅನುತ್ತೀರ್ಣ ಬೇಕಾದ್ರೆ ಈಗಲೇ ಕೊಡ್ತೀನಿ. ಅದರಲ್ಲಿ ಉ ಬರಲ್ಲ, ಬರೀ ನಕಾರಕ್ಕೆ ಕೊಂಬು ಬರುತ್ತೆ. ಕೊಂಬಿನ ಕೀ ಗಟ್ಟಿಮುಟ್ಟಾಗಿದೆ."

ಹನ್ನೊಂದು ತಿಂಗಳಿಂದ ಇಲಾಖೆಯಲ್ಲಿ ಒಬ್ಬ ಶಿಕ್ಷಕರೂ ಉತ್ತೀರ್ಣರಾಗಿರಲಿಲ್ಲ. ತೇರ್ಗಡೆ ಎಂದು ಬರೆಯಬಹುದಲ್ಲ ಎಂದು ಅವಳು ಕೊನೆಯ ಆಸೆಯಿಂದ ಕೇಳಿದಳು. ತೇರ್ಗಡೆ ಮಕ್ಕಳಿಗೆ, ಉತ್ತೀರ್ಣ ದೊಡ್ಡವರಿಗೆ, ನಿಯಮ ಹಾಗಿದೆ ಎಂದು ಮೇಡಂ ಕನಿಕರದಿಂದ ವಿವರಿಸಿದರು. ತರಬೇತಿ ಟೀಚರ್ ಗೋಡೆ ನೋಡುತ್ತ ನಿಂತ ಆ ಹಲಗೆಯನ್ನು ನೆನೆದು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದು ಕೂತಳು. ಕೂತವಳಿಗೆ ಥಟ್ಟನೆ ನೆನಪಾಯಿತು. ಸ್ಮಾರ್ಟ್ ಬೋರ್ಡಿನಲ್ಲಿ ಚಿತ್ರದ ಕೆಳಗೆ ಹೆಸರು ಬರೆಯಲೆಂದು ಒಂದು ಅಕ್ಷರಮಾಲೆ ಮೂಡುತ್ತದೆ. ಅದರಲ್ಲಿ ಎಲ್ಲ ಸ್ವರಗಳೂ ಇವೆ. ಇದನ್ನು ಹೇಳಿದಾಗ ಟೈಪಿಸ್ಟ್ ಮೇಡಂ ನಿಧಾನವಾಗಿ ಎದ್ದು ನಿಂತರು.

"ಉ ಇದೆಯಾ?"

"ಇದೆ ಮೇಡಂ. ಊ ಕೂಡ ಇದೆ."

ಮೌಲ್ಯಮಾಪನದ ದಿನ ಮೌಲ್ಯಮಾಪಕಿಯವರ ಜೊತೆ ಟೈಪಿಸ್ಟ್ ಮೇಡಂ ಕೂಡ ಶಾಲೆಗೆ ಬಂದರು. ಸುತ್ತೋಲೆಯ ಪ್ರಕಾರ ಗೇಟಿನಲ್ಲೇ ಅಪಚಾರ ಆರಂಭವಾಯಿತು. ಯಾರು ನೀವು, ಕರೆದವರು ಯಾರು ಎಂದು ಹೆಡ್‌ಮಾಸ್ಟರ್ ಕೈ ಕಟ್ಟಿಕೊಂಡು ವಿನಯದಿಂದ ಕೇಳಿದರು. ಇಪ್ಪತ್ತು ನಿಮಿಷ ಬಿಸಿಲಲ್ಲಿ ನಿಲ್ಲಿಸಲಾಯಿತು. ಒಳಗೆ ಕರೆದೊಯ್ದು, ಕುರ್ಚಿ ತಂದು, ಅವರು ಕೂರಲು ಬಗ್ಗಿದಾಗ ಹಿಂದಕ್ಕೆ ತೆಗೆಯಲಾಯಿತು. ಸಂಗೀತದ ಮೇಷ್ಟ್ರು ತಟ್ಟೆಯಲ್ಲಿ ನೀರು ತಂದು, ಅವರೆದುರೇ ತಾವು ಕುಡಿದು, ಬಾಯಿ ಒರೆಸಿಕೊಂಡು ಹೋದರು. ಮೌಲ್ಯಮಾಪಕಿಯವರು ಎಲ್ಲವನ್ನೂ ಪುಸ್ತಕದಲ್ಲಿ ಗುರುತು ಮಾಡಿಕೊಂಡು, ತಾವು ಭೇಟಿಯಿತ್ತ ನಲವತ್ತು ಶಾಲೆಗಳಲ್ಲಿ ಇಷ್ಟು ಅಚ್ಚುಕಟ್ಟಾದ ಅಪಚಾರ ಬೇರೆಲ್ಲೂ ಆಗಿಲ್ಲವೆಂದು ಬರೆದು ಹತ್ತಕ್ಕೆ ಹತ್ತು ಅಂಕ ಕೊಟ್ಟರು. ಹೆಡ್‌ಮಾಸ್ಟರ್ ಸಂತೋಷದಿಂದ ಕೆಂಪಾದರು.

ಆಮೇಲೆ ಅಳಿಸಿದ ಚಿತ್ರಗಳ ಪರಿಶೀಲನೆ. ತರಬೇತಿ ಟೀಚರ್ ಖಾಲಿ ಬೋರ್ಡಿನ ಪಕ್ಕ ನಿಂತು, ಇದು ಮೂರನೇ ಪಾಠದ ಮರ ಎಂದಳು. ಮೌಲ್ಯಮಾಪಕಿಯವರು ಕನ್ನಡಕ ಏರಿಸಿಕೊಂಡು ಬೋರ್ಡನ್ನು ಬಹಳ ಹೊತ್ತು ನೋಡಿದರು, ಎರಡು ಹೆಜ್ಜೆ ಹಿಂದೆ ಹೋಗಿ ಇನ್ನೊಮ್ಮೆ ನೋಡಿದರು.

"ಎಲೆಗಳು ಚೆನ್ನಾಗಿವೆ," ಎಂದರು. "ಬಲಗಡೆ ಕೊಂಬೆ ಮಾತ್ರ ಸ್ವಲ್ಪ ಭಾರವಾಯ್ತು."

"ಅಲ್ಲಿ ಗೂಡಿದೆ ಮೇಡಂ," ಎಂದು ಹಿಂದಿನ ಬೆಂಚಿನಿಂದ ದನಿ ಬಂತು. ಆಮೇಲೆ ಮಕ್ಕಳೆಲ್ಲ ಎದ್ದು ಬಂದು, ನನ್ನ ಎಲೆ ಇಲ್ಲಿ, ನನ್ನದು ಅಲ್ಲಿ, ಇದು ಹುಳ ತಿಂದದ್ದು ಎಂದು ಬಿಳಿ ಬೋರ್ಡಿನ ತುಂಬ ತೋರಿಸಿದರು. ಮೂವತ್ತೇಳು ಎಲೆಗಳಲ್ಲಿ ಒಂದರ ಜಾಗವೂ ತಪ್ಪಲಿಲ್ಲ. ಅಳಿಸಿದ್ದನ್ನು ಇಷ್ಟು ಸ್ಪಷ್ಟವಾಗಿ ಇಟ್ಟುಕೊಂಡ ತರಗತಿಯನ್ನು ತಾವು ನೋಡಿಲ್ಲ ಎಂದು ಹೇಳಿ ಮೌಲ್ಯಮಾಪಕಿಯವರು ಉತ್ತೀರ್ಣ ಎಂದು ಘೋಷಿಸಿದರು.

ಇನ್ನು ಅದನ್ನು ಬರೆಯುವುದಷ್ಟೇ ಬಾಕಿ. ಟೈಪಿಸ್ಟ್ ಮೇಡಂ ಬೋರ್ಡಿನ ಮುಂದೆ ಹೋಗಿ ನಿಂತರು. ಒಂದು ವರ್ಷಕ್ಕೂ ಹೆಚ್ಚು ಕಾಲದ ನಂತರ ಅವರು ಹೊಡೆದ ಮೊದಲ ‘ಉ’ ಆಳೆತ್ತರದ ಬೋರ್ಡಿನ ಮೇಲೆ ಕುಂಬಳಕಾಯಿ ಗಾತ್ರದಲ್ಲಿ ಮೂಡಿತು. ಮೇಡಂ ಕಣ್ಣೊರೆಸಿಕೊಂಡು, ಪ್ರಮಾಣಪತ್ರ ಮುಗಿಸಿ, ಅದೇ ಉಮೇದಿನಲ್ಲಿ ಕೆಳಗೆ ಇನ್ನೆರಡು ಕಾಗದ ಹೊಡೆದರು. ಒಂದು ಉಪಕರಣ ಬೇಡಿಕೆ ಅರ್ಜಿ. ಇನ್ನೊಂದು ತಿದ್ದುಪಡಿ ಸುತ್ತೋಲೆ: ಅಳಿಸತಕ್ಕದ್ದು ಎಂಬುದನ್ನು ಉಳಿಸತಕ್ಕದ್ದು ಎಂದು ಓದಿಕೊಳ್ಳತಕ್ಕದ್ದು.

ಪ್ರಿಂಟ್ ತೆಗೆಯಬೇಕಾದರೆ ಮೊದಲು ಉಳಿಸಬೇಕು ಎಂದು ರೀಸ್ಟಾರ್ಟ್ ಸರ್ ತಿಳಿಸಿದರು. ಬೋರ್ಡಿನ ಮೇಲಿರುವುದೆಲ್ಲವನ್ನೂ ಅಳಿಸತಕ್ಕದ್ದು ಎಂಬ ನಿಯಮ ಜಾರಿಯಲ್ಲಿದೆ ಎಂದು ಹೆಡ್‌ಮಾಸ್ಟರ್ ತಿಳಿಸಿದರು. ತಿದ್ದುಪಡಿ ಜಾರಿಗೆ ಬರಬೇಕಾದರೆ ಪ್ರಿಂಟ್ ಆಗಬೇಕು, ಪ್ರಿಂಟ್ ಆಗಬೇಕಾದರೆ ಉಳಿಯಬೇಕು, ಉಳಿಯಬೇಕಾದರೆ ತಿದ್ದುಪಡಿ ಜಾರಿಗೆ ಬರಬೇಕು. ಮೌಲ್ಯಮಾಪಕಿಯವರು ಇದನ್ನು ಬೆರಳು ಮಡಿಸಿ ಮಡಿಸಿ ಯೋಚಿಸಿ, ತರಬೇತಿ ಟೀಚರ ಕಡೆ ತಿರುಗಿದರು.

"ಅಳಿಸಿದ್ರೆ ನೀವು ಉತ್ತೀರ್ಣ. ಉಳಿಸಿದ್ರೆ ನಿಯಮ ಮುರಿದ ಹಾಗೆ, ಅನುತ್ತೀರ್ಣ. ಗಂಟೆ ಹೊಡೆಯೋದ್ರೊಳಗೆ ಯಾವುದಾದರೂ ಒಂದು ಮಾಡಿ."

ಅವಳು ಬೋರ್ಡಿನ ಮುಂದೆ ನಿಂತಳು. ಮನೆಯ ಹಲಗೆ ನೆನಪಾಯಿತು, ಅಪ್ಪ ನೆನಪಾದರು. ಹಿಂದೆ ತಿರುಗಿದರೆ ಮೂವತ್ತೆಂಟು ಮಕ್ಕಳು ನೋಡುತ್ತಿದ್ದರು. ಈ ಒಂದು ಕಾಗದ ಹೊರಗೆ ಹೋದರೆ ಇನ್ನು ಮೇಲೆ ಅವರ ಮರ ಉಳಿಯುತ್ತದೆ. ಬಣ್ಣದ ಡಬ್ಬಿ ಕಲಕಿದರೆ ಕೈಯೇನೂ ಸವೆಯುವುದಿಲ್ಲ ಎಂದುಕೊಂಡಳು. ಹಲ್ಲು ಕಚ್ಚಿ, ಐದು ತಿಂಗಳಿಂದ ಕಷ್ಟಪಟ್ಟು ಕಲಿತ ವಿದ್ಯೆಯನ್ನೆಲ್ಲ ಬಳಸಿ, ‘ಉಳಿಸು’ ಗುಂಡಿಯಿಂದ ಸರಿಯಾಗಿ ಒಂದು ಗೇಣು ಬಲಕ್ಕೆ ಬೆರಳಿಟ್ಟು ಒತ್ತಿದಳು.

ಬೋರ್ಡ್ ಖಾಲಿಯಾಯಿತು.

ಆರನೇ ತಿಂಗಳು ಬಂದದ್ದರಿಂದ ರೀಸ್ಟಾರ್ಟ್ ಸರ್ ಆ ಬೆಳಿಗ್ಗೆಯೇ ಗೇಣಿನ ವ್ಯತ್ಯಾಸವನ್ನು ಪಠ್ಯಕ್ರಮದ ಪ್ರಕಾರ ಸರಿಪಡಿಸಿದ್ದರು. ಟೈಪಿಸ್ಟ್ ಮೇಡಂ ಮುಟ್ಟಿದ ಅಕ್ಷರವೇ ಮೂಡಿದ್ದನ್ನು ತರಬೇತಿ ಟೀಚರ್ ಗಮನಿಸಿರಲಿಲ್ಲ. ಅವಳು ಅಕ್ಷರಗಳನ್ನು ನೋಡುತ್ತಿದ್ದಳು, ಬೆರಳನ್ನಲ್ಲ.

ಎಲ್ಲರೂ ಚಪ್ಪಾಳೆ ತಟ್ಟಿದರು. ಇಷ್ಟು ದೃಢವಾಗಿ ನಿಯಮ ಪಾಲಿಸಿದವರನ್ನು ತಾವು ಕಂಡಿಲ್ಲ ಎಂದು ಹೆಡ್‌ಮಾಸ್ಟರ್ ಹೇಳಿದರು. ಪ್ರಮಾಣಪತ್ರ ನಿಯಮಾನುಸಾರ ಸಿದ್ಧಗೊಂಡು ನಿಯಮಾನುಸಾರ ಅಳಿಸಲ್ಪಟ್ಟಿರುವುದರಿಂದ ಪೂರ್ಣ ಸಿಂಧು ಎಂದು ಹೇಳಿ ಮೌಲ್ಯಮಾಪಕಿಯವರು ಒಂದು ಬಿಳಿ ಹಾಳೆ ತೆಗೆದು, ಹಿಂಬದಿಗೆ ಮೊಹರು ಒತ್ತಿ, ಎರಡೂ ಕೈಯಿಂದ ಅವಳಿಗೆ ಕೊಟ್ಟರು. ಟೈಪಿಸ್ಟ್ ಮೇಡಂ ತಮ್ಮ ಅಳಿಸಿದ ಸುತ್ತೋಲೆಯನ್ನು ಎಲ್ಲ ಶಾಲೆಗಳಿಗೂ ಅಂದೇ ರವಾನಿಸುವುದಾಗಿ ಹೇಳಿ ಬರಿಗೈಯಲ್ಲಿ ಹೊರಟರು.

ಸಂಜೆ ಅವಳು ಆ ಹಾಳೆಯನ್ನು ಅಪ್ಪನ ಕೈಗಿಟ್ಟು, ನಗಬೇಕೋ ಅಳಬೇಕೋ ತಿಳಿಯದೆ ನಿಂತಳು. ಅಪ್ಪ ಹಾಳೆಯನ್ನು ಮೇಲಿನಿಂದ ಕೆಳಗೆ ಓದಿದರು. ಬೆಳಕಿಗೆ ಹಿಡಿದು ಮತ್ತೊಮ್ಮೆ ಓದಿದರು. ಹಲಗೆಯನ್ನು ಗೋಡೆಯಿಂದ ಈಚೆಗೆ ತಿರುಗಿಸಿ, ಅಂಗಡಿಯಲ್ಲಿದ್ದ ಅತ್ಯುತ್ತಮ ಬಿಳಿ ಬಣ್ಣದ ಡಬ್ಬಿ ಒಡೆದು, ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡು, ಆಗಾಗ ಅದರತ್ತ ನೋಡುತ್ತ, ಎರಡು ಕೋಟು ಹೊಡೆದರು. ಅಂಚಿನಲ್ಲಿ ಬಣ್ಣ ಒಂದಿಷ್ಟೂ ಸೋರಲಿಲ್ಲ. ಒಣಗಿದ ಮೇಲೆ ಬಾಗಿಲಿಗೆ ತೂಗುಹಾಕಿದರು.

ಬೋರ್ಡ್ ನೋಡಲು ಬೀದಿಯವರೆಲ್ಲ ಬಂದರು. ಹಲ್ಲಿ ಆಸ್ಪತ್ರೆಯ ಡಾಕ್ಟರು ತಲೆ ಎತ್ತಿ ಓದಿ, ಅಕ್ಷರ ಮುತ್ತು ಪೋಣಿಸಿದ ಹಾಗಿದೆ ಎಂದರು. ಭಾನುವಾರ ಮೂವತ್ತೆಂಟು ಮಕ್ಕಳೂ ಬಂದು ಬಾಗಿಲ ಮುಂದೆ ಸಾಲಾಗಿ ನಿಂತರು. ಹೊಸ ಚಿತ್ರಕಲಾ ಟೀಚರ್ ಹೊರಗೆ ಬಂದು ಅವರ ಹಿಂದೆ ನಿಂತು ತಾನೂ ನೋಡಿದಳು. ಬಿಕ್ಕಳಿಕೆಯ ಹುಡುಗಿ ಮುಂದೆ ಹೋಗಿ, ಬಿಳಿ ಹಲಗೆಯ ಎಡಮೂಲೆಗೆ ಬೆರಳು ತೋರಿಸಿ ಟೀಚರ ಅಪ್ಪನನ್ನು ಕೇಳಿದಳು.

"ತಾತ, ನನ್ನ ಎಲೇನ ಹುಳ ತಿಂದಿದ್ದು ನಿಮಗೆ ಹೇಗೆ ಗೊತ್ತಾಯ್ತು?"

"ಚೀಟಿಯಲ್ಲಿ ಇತ್ತಮ್ಮ," ಎಂದರು ಅಪ್ಪ. "ಇದ್ದ ಹಾಗೇ ಬರೆದೆ."